ಇನ್ನೊಂದು ಮನೆ

"ಇನ್ನೊಂದು ಮನೆ ಮಾಡ್ತಿದ್ದಾರೆ ನಮ್ಮವರು" ಅಂದೆ.
ಫೋನಿನಾಚೆ ಗುಲಾಬತ್ತೆ ತುಸು ಹೊತ್ತು ಉಸಿರೇ ಬಿಡಲಿಲ್ಲ.
"ಜಯಕರನಾ? ಈ ವಯಸ್ಸಿನಲ್ಲಿ? ಯಾರಂತೆ ಅವಳು?"
ಗೋವಾ, ಅತ್ತೆ, ಗೋವಾ. ಇಬ್ಬರಿದ್ದಾರೆ.
ಒಬ್ಬಳು ಬಡಗಣ ತುದಿಯ ಕೇರಿ,
ಇನ್ನೊಬ್ಬಳು ತೆಂಕಲ ಗಾಲ್ಜಿಬಾಗ.
ನೋಡಿ ಬರಲು ನನ್ನನ್ನೂ ಕರೆದಿದ್ದಾರೆ.

ಮೂವತ್ತೊಂದು ವರ್ಷ ಮುಂಬೈ ಬಂದರಿನ ಶೆಡ್ಡಿನಲ್ಲಿ
ಮೂಟೆ ಎಣಿಸಿದವರು ಇವರು.
ನೋಟುಬುಕ್ಕಿನ ನಡುವೆ ಗೆರೆ ಎಳೆದುಕೊಂಡೇ ರೈಲು ಹತ್ತಿದರು.
ಸ್ಟೇಷನ್ನು ಎಷ್ಟು ದೂರ, ಬಾವಿ ಬೇಸಿಗೆಗೆ ಬತ್ತುತ್ತದೆಯೇ,
ಎದೆ ಹಿಡಿದುಕೊಂಡರೆ ಆಸ್ಪತ್ರೆಗೆ ಎಷ್ಟು ನಿಮಿಷ,
ಬಂಗುಡೆ ಬಾಗಿಲಿಗೆ ಬರುತ್ತದೆಯೋ ನಾವೇ ಹೋಗಬೇಕೋ.
ನಾಲ್ಕು ಗೀಟು, ಐದನೆಯದು ಅಡ್ಡ,
ಮೂಟೆಗೆ ಎಳೆದ ಹಾಗೇ.

ಗಾಲ್ಜಿಬಾಗದಲ್ಲಿ ಎಸ್ಪೆರಾನ್ಸಾ ಬಾಯಿ
ಬಿಸ್ಕತ್ತಿನ ಡಬ್ಬದಲ್ಲಿ ಬೀಗದಕೈ ತಂದರು.
ಚಿಪ್ಪು ಕೂರಿಸಿದ ಹಳೇ ಕಿಟಕಿ, ಒಳಗೆ
ಗಂಜಿತಿಳಿಯಂಥ ಬೆಳಕು.
ಮಾರುವ ಮನಸ್ಸು ಎಲ್ಲರಿಗೂ ಇದೆ, ಎಂದರು,
ಸಹಿ ಮಾತ್ರ ಹನ್ನೊಂದು ಬೇಕು.
ಫಾರ್ಮ್ ಒಂದು ಮತ್ತು ಹದಿನಾಲ್ಕರಲ್ಲಿ
ಒಬ್ಬರ ಕೆಳಗೊಬ್ಬರು ನಿಂತಿದ್ದರು, ಸತ್ತವರು, ಇದ್ದವರು.
ಒಬ್ಬ ಲಿಸ್ಬನ್ನಿನಲ್ಲಿ, ಒಬ್ಬ ಹಡಗಿನ ಅಡುಗೆಮನೆಯಲ್ಲಿ,
ಈ ಫಿಲೊಮಿನಾ ಎಲ್ಲಿ ಎಂದು ಕೇಳಿದರೆ
ಬಾಯಿ ಡಬ್ಬದ ಮುಚ್ಚಳ ಒತ್ತಿದರು.
ರಾತ್ರಿ ಸಮುದ್ರದ ಕಡೆ ದೀಪ ಹಾಕಬೇಡಿ,
ಆಮೆ ಮೊಟ್ಟೆಯಿಡಲು ಹತ್ತುತ್ತದೆ,
ಬೆಳಕು ಕಂಡರೆ ಮರಿಗಳಿಗೆ ದಾರಿ ತಪ್ಪುತ್ತದೆ.
ಇವರು ಬಲಗಡೆ ಬರೆದರು:
ಕರೆಂಟು ಬಿಲ್ಲು ಕಮ್ಮಿ.

ಆ ರಾತ್ರಿ ಅಲ್ಲೇ ಉಳಿದೆವು. ನನಗೆ ಕಣ್ಣು ಮುಚ್ಚಲಿಲ್ಲ.
ಶಿವ್ಡಿಯ ಚಾಳಿನಲ್ಲಿ ಗೋಡೆಯಾಚೆ ಮೊಹಿತೆ ಮಾಮಾನ ಕೆಮ್ಮು,
ನಾಲ್ಕಕ್ಕೆ ನಲ್ಲಿ, ಕೊಡಗಳ ಜಗಳ,
ಮೊದಲ ಲೋಕಲ್ಲು ಪಾತ್ರೆಗಳನ್ನು ಅಲುಗಿಸಿ ಹೋಗುವುದು,
ಇಷ್ಟರ ಮೇಲೆ ತಲೆಯಿಟ್ಟು ಮಲಗಿದವಳು ನಾನು.
ಇಲ್ಲಿ ಕಿವಿಗೆ ದಿಂಬೇ ಇರಲಿಲ್ಲ.

ಕೇರಿ. ಊರಿಗೇ ಕೇರಿಯೆಂದು ಹೆಸರಿಟ್ಟವರು
ಊರನ್ನು ಎಲ್ಲಿ ಬಿಟ್ಟರೋ.
ಹೊಸ ಮನೆ, ಬಣ್ಣ ಇನ್ನೂ ಹಸಿ.
ಏಜೆಂಟ್ ತನ್ವೇಶ ಕೈ ಬೀಸಿ ತೋರಿಸಿದ:
ಅದೋ ಫೆರ್ರಿ, ಆಚೆ ದಡದಲ್ಲಿ ತೇರೆಖೋಲಿನ ಕೋಟೆ.
ಗಾಳಿಮರಗಳ ಬೇರು ಹೊರಬಿದ್ದಿತ್ತು,
ಸಮುದ್ರ ಒಂದೊಂದನ್ನೇ ಕೈಹಿಡಿದು ಇಳಿಸಿಕೊಳ್ಳುತ್ತಿತ್ತು.
ಅತ್ತ ಅವನು ಕೈ ಬೀಸಲಿಲ್ಲ.

ಪಕ್ಕದ ಸೈಟಿನಲ್ಲಿ ಜರಡಿ ಹಿಡಿದಿದ್ದವಳು
ನಮ್ಮ ಪಿಸುಮಾತಿಗೆ ತಲೆಯೆತ್ತಿದಳು:
"ಅಕ್ಕಾರ, ಕನ್ನಡ ಏನ್ರಿ?"
ರೋಣದ ಹುಲಿಗೆವ್ವ. ಇಂಥವು ಹದಿನೇಳು ಎಬ್ಬಿಸಿದ್ದಾಳೆ,
ಪ್ರತಿ ಸಲ ತನ್ನ ತಗಡಿನ ಶೆಡ್ಡು ಬಿಚ್ಚಿ
ಮುಂದಿನ ಪ್ಲಾಟಿಗೆ ಹೊತ್ತಿದ್ದಾಳೆ.
ತನ್ವೇಶ ಫೋನಿಗೆ ಬೆನ್ನು ತಿರುಗಿಸಿದ್ದೇ ತಡ
ನನ್ನ ಮುಂಗೈ ಹಿಡಿದು ಹಿತ್ತಿಲ ಗೋಡೆಗೆ ಒಯ್ದಳು,
ಬೆರಳು ತಿಕ್ಕಿಸಿದಳು. "ನೆಕ್ರಿ."

ಉಪ್ಪು.

"ಉಸುಕು ಹೊಳಿದಲ್ರಿ, ದಂಡಿದು. ತೊಳದೂ ಇಲ್ಲ.
ಹತ್ತು ಮಳಿಗಾಲ ನಿಂತ್ರ ನಿಂತೀತು."
ಜರಡಿಗೆ ಮರಳುತ್ತಾ ಮತ್ತೆ ನಿಂತಳು:
"ಆದ್ರೂ ಬರ್ರಿ ನೀವು. ಮಾತಾಡಾಕ ಒಬ್ರಾಕ್ಕೀರಿ."

ಇವರಿಗೆ ಹೇಳಲಿಲ್ಲ. ಉಪ್ಪನ್ನು ನಾಲಗೆಯ ಮೇಲೇ ಇಟ್ಟುಕೊಂಡು
ಜೆಟ್ಟಿಯಲ್ಲಿ ನಿಂತೆ. ಫೆರ್ರಿ ಬಂತು, ಸರಪಳಿ ಗರಗರ,
ಸ್ಕೂಟರು, ಮೀನಿನ ಬುಟ್ಟಿ, ಯಾರೋ ಯಾರನ್ನೋ ಬೈದರು,
ಪಾವ್ ಮಾರುವವನ ಹಾರ್ನು.
ಇಡೀ ದಿನ ಹೀಗೇನಾ? ಕೇಳಿದೆ.
ರಾತ್ರಿಯೂ, ಎಂದ ಹಗ್ಗದವ, ತಪ್ಪು ಒಪ್ಪಿಕೊಳ್ಳುವವನಂತೆ.
ನಿಂತಲ್ಲೇ ನನಗೆ ಆಕಳಿಕೆ ಬಂತು.

ವಾಪಸಿನ ರೈಲಿನಲ್ಲಿ ಗೀಟು ಎಣಿಸಿದರು.
ಬಲಕ್ಕೆ ಇಪ್ಪತ್ತಮೂರು, ಎಡಕ್ಕೆ ಹದಿನೆಂಟು.
"ನಿನ್ನದೇನು?"
ಹತ್ತು ಮಳೆಗಾಲ, ಎಂದೆ.
ಬರುವ ಚೌತಿಗೆ ನನಗೆ ಅರವತ್ತೇಳು, ಅವರಿಗೆ ಎಪ್ಪತ್ತು.
ಸುರಂಗ ಬಂತು, ಹೋಯಿತು.
ಕಿವಿಯಿಂದ ಪೆನ್ಸಿಲು ತೆಗೆದು
ಅದನ್ನು ಯಾವ ಕಡೆ ಬರೆಯಲಿ ಎಂದು ಕೇಳಿದರು.